571201: ಮಡಿಕೇರಿಯ ಪಿನ್ ಅವಿಭಾಜ್ಯವೇ? ಕೈಲೆಕ್ಕದಲ್ಲೇ ಸಾಧಿಸುವುದು ಹೇಗೆ?

ಗಾಳಿಬೀಡು_ಗಣಿತ
ಮಡಿಕೇರಿಯ ಪಿನ್ 571201. ಪಿಯುಸಿ ಮಕ್ಕಳ ಗಣಿತ ಕೂಟಕ್ಕೆ ಇದನ್ನೇ ವಿಷಯವಾಗಿ ಇಟ್ಟುಕೊಂಡಿದ್ದೇವೆ. ಪ್ರಶ್ನೆ ಒಂದೇ: ಇದು ಅವಿಭಾಜ್ಯ ಸಂಖ್ಯೆಯೇ?

755² = 570025, 756² = 571536. ಹಾಗಾಗಿ 755ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅಲ್ಲಿಯವರೆಗೆ 133 ಅವಿಭಾಜ್ಯಗಳಿವೆ, ಕೊನೆಯದು 751. ಒಂದು ತರಗತಿಯ ಅವಧಿಯಲ್ಲಿ ಅಷ್ಟು ಭಾಗಾಕಾರ ಮುಗಿಯುವುದಿಲ್ಲ, ನಡುವೆ ಒಂದು ತಪ್ಪಿದರೂ ಗೊತ್ತಾಗುವುದಿಲ್ಲ. ಇದಕ್ಕಿಂತ ಚಿಕ್ಕ ದಾರಿ ಬೇಕು. ಸಾಧನ ಅಂದರೆ ಅಂಗಡಿಯಲ್ಲಿ ಸಿಗುವ 12 ಅಂಕಿಯ ಕ್ಯಾಲ್ಕುಲೇಟರ್ ಮಾತ್ರ. "ಕಂಪ್ಯೂಟರ್ ಹೇಳಿತು" ಅನ್ನುವ ಉತ್ತರ ಬೇಡ, ಮಕ್ಕಳೇ ಪರೀಕ್ಷಿಸಿ ಒಪ್ಪುವಂತಿರಬೇಕು.

ಹಾರಂಗಿ_ದಡ
ಸಣ್ಣವು ಮೊದಲು. ಅಂಕಿಗಳ ಮೊತ್ತ 16, ಹಾಗಾಗಿ 3 ಹೋಗದು. 7, 11, 13 ಮೂರನ್ನೂ ಒಟ್ಟಿಗೆ ನೋಡಬಹುದು, ಏಕೆಂದರೆ 7×11×13 = 1001. ಮೂರು ಮೂರು ಅಂಕಿ ಬಿಡಿಸಿ ಕಳೆಯಿರಿ: 201 − 571 = −370. ಈ −370ಕ್ಕೆ 7ರಲ್ಲಿ ಶೇಷ 1, 11ರಲ್ಲಿ 4, 13ರಲ್ಲಿ 7. ಮೂರೂ ಹೋಗವು. ಋಣ ಚಿಹ್ನೆಯನ್ನು ಮರೆತು 370ರ ಶೇಷವನ್ನೇ ಬರೆದುಬಿಟ್ಟರೆ 6, 7, 6 ಬರುತ್ತದೆ. ಭಾಗ ಹೋಗುತ್ತದೋ ಇಲ್ಲವೋ ಅನ್ನುವುದಕ್ಕೆ ಅದರಿಂದ ತೊಂದರೆ ಇಲ್ಲ, ಆದರೆ ಶೇಷವನ್ನು ಮುಂದೆ ಬಳಸುವುದಿದ್ದರೆ ಎಡವಟ್ಟಾಗುತ್ತದೆ.

ನಾಲ್ಕುನಾಡು
571201ಕ್ಕಿಂತ ಮೊದಲು ಅದರ ಹಿಂದಿನ ಸಂಖ್ಯೆಯನ್ನು ನೋಡಿ.

571200 = 2⁶ × 3 × 5² × 7 × 17

ಭಾಜಕಗಳ ಎಣಿಕೆ: 7×2×3×2×2 = 168. ಆರಂಕಿಯ ಸಂಖ್ಯೆಯೊಂದು 17ರ ಒಳಗಿನ ಅವಿಭಾಜ್ಯಗಳಿಗೇ ಪೂರ್ತಿ ಒಡೆದುಹೋಗುವುದು ಅಪರೂಪ.

ಇದರಿಂದ ನಮ್ಮ ಜಿಲ್ಲೆಗೆ ಒಂದು ಉಪಯೋಗವೂ ಇದೆ. 5712ರಿಂದ ಶುರುವಾಗುವ ಯಾವ ಪಿನ್ ಆದರೂ 3, 7, 17ರಿಂದ ಹೋಗುತ್ತದೆಯೇ ಎಂದು ಕೊನೆಯ ಎರಡು ಅಂಕಿ ನೋಡಿಯೇ ಹೇಳಬಹುದು. ಕುಶಾಲನಗರ 571234: ಕೊನೆಯಲ್ಲಿ 34, ಅಂದರೆ 2×17, ಹಾಗಾಗಿ ಇಡೀ ಪಿನ್ 17ರಿಂದ ಹೋಗುತ್ತದೆ. ಪೂರ್ತಿ ಬಿಡಿಸಿದರೆ 2×17×53×317. ಸೋಮವಾರಪೇಟೆ 571236: 36 ಇರುವುದರಿಂದ 12 ಹೋಗುತ್ತದೆ, 2²×3×181×263. ಗೋಣಿಕೊಪ್ಪಲು 571213: 13 ನೋಡಿದರೆ 3, 7, 17 ಯಾವುದೂ ಇಲ್ಲ, ಆದರೆ 29 ಹೋಗುತ್ತದೆ, 29×19697. ವಿರಾಜಪೇಟೆ 571218 ಹೇಗೂ ಸಮಸಂಖ್ಯೆ, ಕೊನೆಯ 18ರಿಂದ 3ನ್ನೂ ಸೇರಿಸಿ 6 ಹೋಗುತ್ತದೆ.

ಮಡಿಕೇರಿಯದ್ದು 01. ಹಾಗಾಗಿ 2, 3, 5, 7, 17 ಎಲ್ಲದರಲ್ಲೂ ಶೇಷ 1.

ಸೋಮವಾರಪೇಟೆ_ಮೇಷ್ಟ್ರು
ಮೇಲಿನ ಒಡೆತವೇ ಬೀಗದ ಕೈ. ಒಂದು ಸಂಖ್ಯೆ ಅವಿಭಾಜ್ಯ ಎಂದು ಸಾಧಿಸುವುದು ಕಷ್ಟವೋ ಸುಲಭವೋ ಅನ್ನುವುದನ್ನು ಅದರ ಹಿಂದಿನ ಸಂಖ್ಯೆ ಹೇಳುತ್ತದೆ. 571200 ಹೀಗೆ ಒಡೆಯುವುದರಿಂದ 133 ಭಾಗಾಕಾರ ಬೇಡ. ಐದು ಸಾಕು.

ಆಧಾರ ಫರ್ಮಾನ ಕಿರುಪ್ರಮೇಯ, 1640ರದ್ದು: ಪ ಅವಿಭಾಜ್ಯವಾಗಿದ್ದು, ತೆಗೆದುಕೊಂಡ ಸಂಖ್ಯೆ ಪದ ಗುಣಕವಲ್ಲದಿದ್ದರೆ, ಅದರ (ಪ − 1)ನೇ ಘಾತವನ್ನು ಪದಿಂದ ಭಾಗಿಸಿದಾಗ ಶೇಷ 1.

ಕಾಫಿಹೂ
ಹಾಗಾದರೆ ಮೇಷ್ಟ್ರೇ, 2ರ 571200ನೇ ಘಾತ ತೆಗೆದು ಶೇಷ 1 ಬಂದರೆ ಮುಗಿಯಿತಲ್ಲ?

ಸೋಮವಾರಪೇಟೆ_ಮೇಷ್ಟ್ರು
ಇಲ್ಲಮ್ಮ, ಹೆಚ್ಚಿನವರು ಜಾರುವುದೇ ಇಲ್ಲಿ. ಪ್ರಮೇಯ ಒಂದೇ ದಿಕ್ಕಿನದು. 341 = 11×31. ಆದರೂ 2ರ 340ನೇ ಘಾತವನ್ನು 341ರಿಂದ ಭಾಗಿಸಿದರೆ ಶೇಷ 1: 2¹⁰ = 1024 = 3×341 + 1, ಅದರ 34ನೇ ಘಾತವೂ 1. ಇನ್ನು 561 = 3×11×17 ಇದೆಯಲ್ಲ, ಅದು ತನ್ನೊಡನೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಈ ಪರೀಕ್ಷೆ ದಾಟಿಬಿಡುತ್ತದೆ. ಹಾಗಾಗಿ ಕೊನೆಯಲ್ಲಿ 1 ಬಂತೇ ಅನ್ನುವುದು ಮುಖ್ಯವಲ್ಲ. 1 ಬರುವುದಕ್ಕೆ ಒಂದು ಮೆಟ್ಟಿಲು ಮುಂಚೆ −1 (ಅಂದರೆ ಭಾಜಕಕ್ಕಿಂತ ಒಂದು ಕಡಿಮೆ ಇರುವ ಶೇಷ) ಬಂತೇ ಅನ್ನುವುದು ಮುಖ್ಯ.

2 ಇಲ್ಲಿ ಉಪಯೋಗಕ್ಕೆ ಬಾರದಿರಲು ಇನ್ನೊಂದು ಕಾರಣವೂ ಇದೆ. 571201ನ್ನು 8ರಿಂದ ಭಾಗಿಸಿದರೆ ಶೇಷ 1. ಅದು ಅವಿಭಾಜ್ಯವಾಗಿದ್ದರೆ 2 ಅದರ ವರ್ಗಶೇಷವಾಗಿಬಿಡುತ್ತದೆ, ಅಂದರೆ ಯಾವುದೋ ವರ್ಗಸಂಖ್ಯೆಯನ್ನು ಅದರಿಂದ ಭಾಗಿಸಿದಾಗ ಶೇಷ 2 ಬರುತ್ತದೆ. ಆಗ ಅರ್ಧ ಘಾತದಲ್ಲೇ, 285600ರಲ್ಲೇ, 1 ಬರುತ್ತದೆ. ನಮಗೆ ಅಲ್ಲಿ −1 ಬೇಕು. 3, 5, 7ರಲ್ಲಿ ಶೇಷ 1 ಆದ್ದರಿಂದ ಅವೂ ಹಾಗೇ. 11ರಲ್ಲಿ ಶೇಷ 4, ಅದೂ ವರ್ಗ. 13ರಲ್ಲಿ ಶೇಷ 7. 13ರ ವರ್ಗಶೇಷಗಳು 1, 3, 4, 9, 10, 12. ಇದರಲ್ಲಿ 7 ಇಲ್ಲ! ಹಾಗಾಗಿ ಹಿಡಿಯಬೇಕಾದ್ದು 13ನ್ನು.

ಹಾರಂಗಿ_ದಡ
13ರ 285600ನೇ ಘಾತವನ್ನು ನೇರವಾಗಿ ಬರೆದರೆ ಸುಮಾರು 3,18,000 ಅಂಕಿ. ಅದನ್ನು ಯಾರೂ ಬರೆಯಲು ಹೋಗಬೇಡಿ. ಪ್ರತಿ ಗುಣಾಕಾರದ ನಂತರ 571201ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು.

ಕ್ಯಾಲ್ಕುಲೇಟರಿನಲ್ಲಿ ಶೇಷ ತೆಗೆಯುವ ಕ್ರಮ: ಭಾಗಿಸಿ, ದಶಾಂಶ ಚುಕ್ಕಿಯ ಎಡಭಾಗವನ್ನು ಮಾತ್ರ ಕಾಗದದ ಮೇಲೆ ಬರೆಯಿರಿ, ಅದನ್ನು 571201ರಿಂದ ಗುಣಿಸಿ, ಮೂಲ ಸಂಖ್ಯೆಯಿಂದ ಕಳೆಯಿರಿ. ಚುಕ್ಕಿಯ ಬಲಭಾಗವನ್ನು 571201ರಿಂದ ಗುಣಿಸುವ ಅಡ್ಡದಾರಿ ಬೇಡ. ಭಾಗಲಬ್ಧದಲ್ಲಿ ಆರಂಕಿ ಎಡಕ್ಕೆ ಹೋದಮೇಲೆ ಬಲಕ್ಕೆ ಉಳಿಯುವುದು ಆರೇ ಅಂಕಿ, ಗುಣಿಸಿದಾಗ ಕೊನೆಯ ಅಂಕಿ ನಂಬುವ ಹಾಗಿರುವುದಿಲ್ಲ.

ಶೇಷ 285600ಕ್ಕಿಂತ ದೊಡ್ಡದಿದ್ದರೆ 571201 ಕಳೆದು ಋಣವಾಗಿ ಇಟ್ಟುಕೊಳ್ಳಿ. ಆಗ ಯಾವ ವರ್ಗವೂ 11 ಅಂಕಿ ದಾಟುವುದಿಲ್ಲ. 8 ಅಂಕಿಯ ಸಣ್ಣ ಕ್ಯಾಲ್ಕುಲೇಟರ್ ಇದಕ್ಕೆ ಆಗದು.

ಸೋಮವಾರಪೇಟೆ_ಮೇಷ್ಟ್ರು
571200 = 64 × 8925, 8925 = 5×5×3×7×17. ಮೊದಲು 13ರ 8925ನೇ ಘಾತದ ಶೇಷಕ್ಕೆ ಹೋಗೋಣ. ನಡುವಿನ ಮೈಲಿಗಲ್ಲುಗಳು:

13ರ 5ನೇ ಘಾತ: 371293
25ನೇ ಘಾತ: −53209
75ನೇ ಘಾತ: 239399
525ನೇ ಘಾತ: −219859
8925ನೇ ಘಾತ: −282410, ಅಂದರೆ 288791

ಇಲ್ಲಿಗೆ 17 ಗುಣಾಕಾರ. ಈ 288791ನ್ನು "ಬೀಜ" ಎಂದು ಕರೆಯುತ್ತೇನೆ. ಇನ್ನು ವರ್ಗ ಮಾಡುತ್ತಾ ಹೋಗುವುದಷ್ಟೇ. ಐದು ಸಲ ವರ್ಗ ಮಾಡಿದರೆ 13ರ 285600ನೇ ಘಾತ. ಯಾರಾದರೂ ಮಾಡಿ ಹಾಕಿ, ನಾನು ಹೋಲಿಸುತ್ತೇನೆ.

ಕಾಫಿಹೂ
ಮಾಡಿದೆ:

282410² = 79755408100 → ಶೇಷ 326073, ಅಂದರೆ −245128
245128² = 60087736384 → ಶೇಷ 247189
247189² = 61102401721 → ಶೇಷ 459550, ಅಂದರೆ −111651
111651² = 12465954801 → ಶೇಷ 64177
64177² = 4118687329 → ಶೇಷ 328119

−1 ಬರಲಿಲ್ಲ. ಹಾಗಾದರೆ 571201 ಸಂಯುಕ್ತ ಸಂಖ್ಯೆ, ಅಲ್ಲವೇ? ಪ್ರತಿ ಸಾಲನ್ನೂ ಒಂಬತ್ತರ ಶೇಷದಿಂದ ತಾಳೆ ನೋಡಿದ್ದೇನೆ, ಎಲ್ಲವೂ ಸರಿ ಇವೆ.

ನಾಲ್ಕುನಾಡು
ನಾಲ್ಕನೇ ಸಾಲು ನೋಡಿ. ಒಂಬತ್ತರ ತಾಳೆಗೆ ಒಂದು ಕುರುಡು ಇದೆ: ಪಕ್ಕಪಕ್ಕದ ಅಂಕಿ ಅದಲುಬದಲಾದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ. ಅದಕ್ಕೇ 11ರ ತಾಳೆಯನ್ನೂ ಜೊತೆಗಿಟ್ಟುಕೊಳ್ಳಬೇಕು. ಬಲದಿಂದ ಒಂದು ಕೂಡಿ ಒಂದು ಕಳೆಯುತ್ತಾ ಹೋಗುವುದು.

111651: 1−5+6−1+1−1 = 1. ಅದರ ವರ್ಗವೂ 1 ಇರಬೇಕು.
ನೀವು ಬರೆದ 12465954801: 1−0+8−4+5−9+5−6+4−2+1 = 3. ಇಲ್ಲೇ ಸಿಕ್ಕಿಬಿತ್ತು.
ಸರಿಯಾದ್ದು 12465945801: 1−0+8−5+4−9+5−6+4−2+1 = 1.

45 ಇರಬೇಕಾದಲ್ಲಿ 54 ಆಗಿದೆ. ವ್ಯತ್ಯಾಸ 9000, ಶೇಷವೂ ಅಷ್ಟೇ ಜರುಗಿದೆ. 64177 ಅಲ್ಲ, 55177.

ಕಾಫಿಹೂ
ಹೌದು ಅಣ್ಣ, ಕ್ಯಾಲ್ಕುಲೇಟರ್‌ನಿಂದ ಕಾಗದಕ್ಕೆ ಇಳಿಸುವಾಗ ತಪ್ಪಿದೆ. ಕೊನೆಯ ಎರಡು ಸಾಲು ಹೊಸದಾಗಿ:

111651² = 12465945801 = 571201×21824 + 55177
55177² = 3044501329
571201×5330 = 3044501330

ಒಂದು ಕಡಿಮೆ! ಶೇಷ −1.

ಗಾಳಿಬೀಡು_ಗಣಿತ
55177² + 1 = 571201 × 5330. ಈ ಒಂದು ಸಾಲನ್ನೇ ಹಲಗೆಯ ಮೇಲೆ ದೊಡ್ಡದಾಗಿ ಬರೆಸುತ್ತೇನೆ. ಈಗ ಇದರಿಂದ ಅವಿಭಾಜ್ಯ ಅನ್ನುವಲ್ಲಿಗೆ ಹೋಗುವುದು ಹೇಗೆ? 561ರಂಥ ಮೋಸ ಇಲ್ಲೂ ಇರಬಹುದಲ್ಲ?

ಸೋಮವಾರಪೇಟೆ_ಮೇಷ್ಟ್ರು
ಇರಲಾರದು. ಕಾರಣ ಹೀಗೆ.

571201ಕ್ಕೆ ಪ ಎಂಬ ಅವಿಭಾಜ್ಯ ಅಪವರ್ತನ ಇದೆ ಎಂದಿಟ್ಟುಕೊಳ್ಳಿ. ಬೀಜದ 32ನೇ ಘಾತಕ್ಕೆ 571201ರಲ್ಲಿ ಶೇಷ −1. ಪ ಅದರ ಅಪವರ್ತನವಾದ್ದರಿಂದ ಪದಲ್ಲೂ −1. 64ನೇ ಘಾತಕ್ಕೆ 1. ಬೀಜದ ಘಾತಗಳಲ್ಲಿ ಪದಲ್ಲಿ ಮೊದಲ ಬಾರಿ 1 ಬರುವುದು ಎಷ್ಟನೆಯದರಲ್ಲಿ? ಆ ಎಣಿಕೆ 64ನ್ನು ಭಾಗಿಸಬೇಕು, ಆದರೆ 32ನ್ನು ಭಾಗಿಸಬಾರದು. ಹಾಗಾದರೆ ಅದು 64 ಮಾತ್ರ. ಇನ್ನು ಫರ್ಮಾ ಪ್ರಕಾರ ಪ − 1ನೇ ಘಾತದಲ್ಲೂ 1 ಬರಬೇಕು. ಆದ್ದರಿಂದ 64 ಎಂಬುದು ಪ − 1ನ್ನು ಭಾಗಿಸಲೇಬೇಕು.

ಅಂದರೆ 571201ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 64ರ ಗುಣಕಕ್ಕಿಂತ ಒಂದು ಹೆಚ್ಚು. 755ರೊಳಗೆ ಅಂಥವು: 65, 129, 193, 257, 321, 385, 449, 513, 577, 641, 705. ಇವುಗಳಲ್ಲಿ ಅವಿಭಾಜ್ಯಗಳು ಐದೇ.

571201 = 193×2959 + 114
571201 = 257×2222 + 147
571201 = 449×1272 + 73
571201 = 577×989 + 548
571201 = 641×891 + 70

ಐದೂ ಹೋಗಲಿಲ್ಲ. 571201 ಅವಿಭಾಜ್ಯ. ಅನುಮಾನಕ್ಕೆ ಜಾಗವೇ ಇಲ್ಲ.

ಹಿಂದಿನ ಸಂಖ್ಯೆಯ ಒಂದು ಭಾಗವನ್ನಷ್ಟೇ ಒಡೆದು ಹೀಗೆ ಸಾಧಿಸುವ ವಿಧಾನಕ್ಕೆ ಗಣಿತಜ್ಞ ಪಾಕ್ಲಿಂಗ್ಟನ್ ಹೆಸರಿದೆ, 1914ರದ್ದು. ನಾವು 64 ಎಂಬ ತುಂಡನ್ನು ಮಾತ್ರ ಬಳಸಿದೆವು. 25ನ್ನೂ ಸೇರಿಸಿಕೊಂಡರೆ 1600 ಆಗಿ ವರ್ಗಮೂಲವನ್ನೇ ದಾಟುತ್ತದೆ, ಆಗ ಐದು ಭಾಗಾಕಾರವೂ ಬೇಡ. ಆದರೆ 5ಕ್ಕೆ ಬೇರೆ ಘಾತ ತೆಗೆದು ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ನೋಡಬೇಕು. ಅದಕ್ಕಿಂತ ಈ ಐದು ಭಾಗಾಕಾರವೇ ಹಗುರ.

ಹಾರಂಗಿ_ದಡ
ಮೇಷ್ಟ್ರೇ, ಹಾಗಾದರೆ ವಾದದಲ್ಲಿ 13ರ ಪಾತ್ರವೇ ಇಲ್ಲವಲ್ಲ? ಬೀಜ ಎಲ್ಲಿಂದ ಬಂತು ಅನ್ನುವುದನ್ನು ನೀವು ಎಲ್ಲೂ ಬಳಸಲಿಲ್ಲ.

ಸೋಮವಾರಪೇಟೆ_ಮೇಷ್ಟ್ರು
ಸರಿಯಾಗಿ ಹಿಡಿದಿರಿ. 13 ಬೇಕಾದ್ದು ಬೀಜವನ್ನು ಹುಡುಕುವವರಿಗೆ. ಪರೀಕ್ಷಿಸುವವರಿಗೆ 288791 ಅನ್ನುವ ಸಂಖ್ಯೆ ಕೊಟ್ಟರೆ ಸಾಕು: ಐದು ವರ್ಗ, ಐದು ಭಾಗಾಕಾರ, ಮುಗಿಯಿತು. ಹುಡುಕುವ ಕಷ್ಟ ಒಬ್ಬರದು, ತಾಳೆ ನೋಡುವ ಸುಲಭ ಎಲ್ಲರದು. ತರಗತಿಯಲ್ಲಿ ಹತ್ತು ಮಕ್ಕಳಿಗೆ ಒಂದೊಂದು ಸಾಲು ಹಂಚಿ. 11ರ ತಾಳೆ ಕಡ್ಡಾಯ.

ನಾಲ್ಕುನಾಡು
55177 ಸಿಕ್ಕಿದೆಯಲ್ಲ, ಅದನ್ನು ಬಿಡಬೇಡಿ. 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಫರ್ಮಾ ಹೇಳಿದ್ದು, ಆಯ್ಲರ್ 1749ರ ಹೊತ್ತಿಗೆ ಸಾಧನೆ ಪೂರ್ತಿ ಮಾಡಿದರು. ಆ ಎರಡು ವರ್ಗ ಯಾವುವು ಎಂದು ತಡಕಾಡಬೇಕಿಲ್ಲ. 571201 ಮತ್ತು 55177ಕ್ಕೆ ಯೂಕ್ಲಿಡ್‌ನ ಭಾಗಾಕಾರ ಹಚ್ಚಿ:

571201 = 10×55177 + 19431
55177 = 2×19431 + 16315
19431 = 1×16315 + 3116
16315 = 5×3116 + 735
3116 = 4×735 + 176

755ಕ್ಕಿಂತ ಕೆಳಗೆ ಮೊದಲು ಬಂದ ಶೇಷ 735. ಅಲ್ಲಿ ನಿಲ್ಲಿ. ಅದು ಮತ್ತು ಅದರ ಮುಂದಿನದು, ಅವೇ ಎರಡು.

735² + 176² = 540225 + 30976 = 571201

ಶೇಷ 1 ಬರುವವರೆಗೂ ಇಳಿದುಬಿಟ್ಟು "ಏನೂ ಸಿಗಲಿಲ್ಲ" ಅನ್ನುವವರಿದ್ದಾರೆ. ಯೂಕ್ಲಿಡ್ ವಿಧಾನದಲ್ಲಿ ಕೊನೆಯವರೆಗೆ ಹೋಗುವ ಅಭ್ಯಾಸ ಕೈಗೆ ಅಂಟಿರುತ್ತದೆ. ಇಲ್ಲಿ ನಿಲ್ಲುವ ಜಾಗವೇ ಮುಖ್ಯ.

ಕಾಫಿಹೂ
ಅಂದರೆ ಒಂದು ಮಗ್ಗುಲು 735 ಅಡಿ, ಇನ್ನೊಂದು 176 ಅಡಿ ಇರುವ ಆಯತಾಕಾರದ ತೋಟದ ಮೂಲೆಯಿಂದ ಮೂಲೆಗೆ ಹಗ್ಗ ಎಳೆದರೆ ಆ ಉದ್ದದ ವರ್ಗ ಮಡಿಕೇರಿಯ ಪಿನ್!

ನಾಲ್ಕುನಾಡು
ಹೌದು, ಸುಮಾರು 755.78 ಅಡಿ. ಕರ್ಣವೇ 571201 ಆಗಿರುವ ಲಂಬಕೋನ ತ್ರಿಭುಜವೂ ಸಿಗುತ್ತದೆ: ವರ್ಗಗಳ ವ್ಯತ್ಯಾಸ 509249, ಇಮ್ಮಡಿ ಗುಣಲಬ್ಧ 2×735×176 = 258720, ಕರ್ಣ 571201.

ಗಾಳಿಬೀಡು_ಗಣಿತ
ಮಕ್ಕಳು ಇನ್ನೂ ದೊಡ್ಡದನ್ನು ಕೇಳುತ್ತಾರೆ. ಪಿನ್ ಎರಡು ಸಲ ಪಕ್ಕಪಕ್ಕ ಬರೆದರೆ 571201571201, ಅಂದರೆ 57,120 ಕೋಟಿ 15 ಲಕ್ಷ 71 ಸಾವಿರದ 201. ಇದು 1001ರಿಂದ ಹೋಗುತ್ತದೆ ತಾನೆ?

ಹಾರಂಗಿ_ದಡ
1001 ಬರುವುದು ಮೂರಂಕಿ ಎರಡು ಸಲ ಬಂದಾಗ, 571571ರಂತೆ. ಆರಂಕಿಗೆ 1000001. ಅದು ಒಡೆಯುವುದು 101×9901 ಎಂದು. ಎರಡೂ ಅವಿಭಾಜ್ಯ. ಹಾಗಾಗಿ

571201571201 = 101 × 9901 × 571201

ಭಾಜಕಗಳು ಎಂಟು. 12 ಅಂಕಿ ಇದ್ದರೂ ಅಪವರ್ತನ ಕಣ್ಣೋಟದಲ್ಲೇ ಸಿಕ್ಕಿತು, ಆರಂಕಿಯ 571201ಕ್ಕೆ ಇಷ್ಟು ದುಡಿಯಬೇಕಾಯಿತು. ಸಂಖ್ಯೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಹೇಗೆ ಕಟ್ಟಿದ್ದು ಅನ್ನುವುದೇ ಲೆಕ್ಕಕ್ಕೆ ಬರುತ್ತದೆ. ಹೀಗೆ ಅಂಕಿ ಸಾಲುಗಟ್ಟುವ ಗುಣಾಕಾರಗಳ ಮೇಲೆ ನಮ್ಮ ಕನ್ನಡ ನೆಲದ ಮಹಾವೀರಾಚಾರ್ಯರಿಗೆ 9ನೇ ಶತಮಾನದಲ್ಲೇ ಪ್ರೀತಿ ಇತ್ತು. 152207×73 = 11111111 ಅವರ ಇಂಥ ಅಂಕಿಹಾರಗಳಲ್ಲೊಂದು.

ಸೋಮವಾರಪೇಟೆ_ಮೇಷ್ಟ್ರು
101, 9901, 571201 ಮೂರಕ್ಕೂ 4ರಲ್ಲಿ ಶೇಷ 1. ಮೂರು ಬೇರೆ ಬೇರೆ ಅವಿಭಾಜ್ಯಗಳಾದ್ದರಿಂದ ಎರಡು ವರ್ಗಗಳ ಮೊತ್ತವಾಗಿ ಸರಿಯಾಗಿ ನಾಲ್ಕು ರೀತಿ ಬರೆಯಬಹುದು. ಸಾಧನ ಬ್ರಹ್ಮಗುಪ್ತರ 628ರ ಸೂತ್ರ: ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದೇ ಮೊತ್ತದಿಂದ ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತ. ಮೊದಲನೆಯವುಗಳ ಗುಣಲಬ್ಧಕ್ಕೆ ಎರಡನೆಯವುಗಳ ಗುಣಲಬ್ಧವನ್ನು ಕೂಡಿದರೆ ಒಂದು, ಅಡ್ಡಗುಣಲಬ್ಧಗಳ ವ್ಯತ್ಯಾಸ ಇನ್ನೊಂದು. ಮೊದಲನೆಯದರಲ್ಲಿ ಕಳೆದರೆ ಎರಡನೆಯದರಲ್ಲಿ ಕೂಡಬೇಕು. ಎರಡರಲ್ಲೂ ಕೂಡಿಬಿಟ್ಟರೆ ಲೆಕ್ಕ ಕೆಡುತ್ತದೆ.

1000001 = 1000² + 1² = 980² + 199². ಇವೆರಡನ್ನೂ 735² + 176² ಜೊತೆ ಹೆಣೆದರೆ:

734824² + 176735²
735176² + 175265²
685276² + 318745²
755324² + 26215²

ಕಾಫಿಹೂ
ಕೊನೆಯದನ್ನು ತಾಳೆ ನೋಡಿದೆ. 735×980 = 720300, 176×199 = 35024, ಕೂಡಿದರೆ 755324. 176×980 = 172480, 735×199 = 146265, ಕಳೆದರೆ 26215.

755324² = 570514344976
26215² = 687226225
ಮೊತ್ತ 571201571201

ಈ ಸಲ 11ರ ತಾಳೆಯನ್ನೂ ಮಾಡಿದ್ದೇನೆ ಅಣ್ಣ. 755324ಕ್ಕೆ 4−2+3−5+5−7 = −2, ವರ್ಗ 4. 26215ಕ್ಕೆ 5−1+2−6+2 = 2, ವರ್ಗ 4. ಮೊತ್ತ 8. 571201571201ಕ್ಕೂ 4 + 4 = 8.